ಬಾವಿ ಕುಡಿದ ನೀರು

ಮುನ್ನೂರ ಹತ್ತು ಮೀಟರ್ ಆಳದಲ್ಲಿ ನಮ್ಮ ಬಾವಿ ಕುಡಿಯತೊಡಗಿತು.

ಅದು ಕೊರೆಯುವವರ ಮಾತು. ಕೊಳವೆಯ ಒಳಗಿನಿಂದ ನಾವು ಕೆಸರುನೀರನ್ನು ಒತ್ತಿ ಕೆಳಗೆ ಕಳಿಸುತ್ತೇವೆ. ಅದು ತಳದಲ್ಲಿ ತಿರುಗುತ್ತ ಕಲ್ಲು ಅರೆಯುವ, ನಾವು ಬಿಟ್ ಎನ್ನುವ ಉಕ್ಕಿನ ಮೂತಿಯ ಬಾಯಿಂದ ಹೊರಬಿದ್ದು, ಪುಡಿಯಾದ ಕಲ್ಲನ್ನು ಹೊತ್ತುಕೊಂಡು, ಕೊಳವೆಯ ಸುತ್ತಲಿನ ಸಂದಿಯಲ್ಲಿ ಮೇಲೆ ಬರಬೇಕು. ಬಂದದ್ದನ್ನು ಸೋಸಿ, ತೊಟ್ಟಿಗೆ ಬಿಟ್ಟು, ಮತ್ತೆ ಕಳಿಸುತ್ತೇವೆ. ದಾರಿಯಲ್ಲಿ ಬಿರುಕೋ ಗವಿಯೋ ಸಿಕ್ಕರೆ ನೀರು ಅತ್ತ ನುಗ್ಗಿಬಿಡುತ್ತದೆ. ಕಳಿಸಿದ್ದು ವಾಪಸು ಬರುವುದಿಲ್ಲ. ಕಲ್ಲಿನ ಪುಡಿ ತಳದಲ್ಲೇ ಕೂತು ಬಿಟ್ ಅನ್ನು ಹಿಡಿದುಕೊಳ್ಳುತ್ತದೆ.

ಫೆಬ್ರುವರಿ ಒಂಬತ್ತು, ಮಂಗಳವಾರ, ಸಂಜೆ ನಾಲ್ಕು ಗಂಟೆ. ತೊಟ್ಟಿಯ ಮಟ್ಟ ತೋರಿಸುವ ಪರದೆಯ ಮುಂದೆ ನಾನು ನಿಂತಿದ್ದೆ. ಗೆರೆ ಒಮ್ಮೆಲೇ ಕೆಳಗೆ ಜಾರಿತು. ಮೇಲಿನ ಕಟ್ಟೆಯಿಂದ ಮೈನುದ್ದೀನ್ ಚಾಚಾ ಕೂಗಿದರು. ನಲವತ್ತು ವರ್ಷ ಬಾವಿ ಕೊರೆದ ಮನುಷ್ಯ.

"ಮೇಡಂ, ಕುಡಿಲಕತ್ತದ. ಸಣ್ಣ ದಾಹ ಅಲ್ಲ ಇದು."

ತಾಸಿಗೆ ಮೂವತ್ತು ಸಾವಿರ ಲೀಟರು.

ಭೀಮಾ ನದಿ ಮಳೆಗಾಲದ ಎರಡು ತಿಂಗಳು ಮಾತ್ರ ನದಿಯಾಗಿ ಉಳಿದು ಆಗಲೇ ಹನ್ನೊಂದು ವರ್ಷವಾಗಿತ್ತು. ನಮ್ಮ ಹಾಸಗಲ್ಲಿ ಊರಿನಲ್ಲಿ ಹೆಬ್ಬೆಟ್ಟು ಒತ್ತಿದರೆ ನಲ್ಲಿ ಬಿಡುತ್ತಿತ್ತು, ದಿನಕ್ಕೆ ತಲೆಗೆ ನಲವತ್ತು ಲೀಟರು ಮುಗಿದ ಕೂಡಲೇ ತಾನೇ ಮುಚ್ಚುತ್ತಿತ್ತು. ಎರಡು ಸಾವಿರದ ಆರುನೂರು ಮೀಟರಿನ ಕೆಳಗೆ, ಗ್ರಾನೈಟಿನ ಸೀಳುಗಳಲ್ಲಿ, ಮನುಷ್ಯ ಹುಟ್ಟುವ ಮೊದಲಿನ ಬಿಸಿನೀರು ಇದೆ ಎಂದು ಯಂತ್ರಗಳು ಹೇಳಿದ್ದವು. ಅದಕ್ಕಾಗಿ ಈ ಬಾವಿ. ಆದರೆ ಬಾವಿ ಕೊರೆಯಲು ಬೇಕಾದ ನೀರೂ ಊರಿನದೇ. ಬಾವಿ ಕುಡಿಯತೊಡಗಿದ ಮೂರನೆಯ ದಿನ ನಲವತ್ತು ಹೋಗಿ ಇಪ್ಪತ್ತೆಂಟಾಯಿತು. ಅರವತ್ತು ಸಾವಿರ ಜನರಿಂದ ಹನ್ನೆರಡು ಹನ್ನೆರಡು ಲೀಟರು ಕಿತ್ತು ನಾವು ಬಾವಿಗೆ ಕುಡಿಸುತ್ತಿದ್ದೆವು. ನಿಲ್ಲಿಸಿದರೆ ಬಿಟ್ ಸಿಕ್ಕಿ ಬಾವಿಯೇ ಹೋಗುತ್ತಿತ್ತು.

ಕೆಸರಿನ ಪ್ರಯೋಗಶಾಲೆ ನನ್ನದು. ನೀರು, ಜೇಡಿಮಣ್ಣು, ಗೋರಿಕಾಯಿ ಎಂದೂ ಕರೆಯುವ ಚವಳಿಕಾಯಿ ಬೀಜದ ಅಂಟು, ಈ ಮೂರರ ಹದ ನೋಡುವುದು ನನ್ನ ಕೆಲಸ. ಬಿರುಕು ಮುಚ್ಚುವ ಮಾಲು ಹುಡುಕುವುದೂ ನನ್ನದೇ.

*

ಮನೆಯಲ್ಲಿ ರೇವತಿ ತಲೆ ಕೆರೆದುಕೊಳ್ಳುತ್ತಿದ್ದಳು. ನನ್ನ ಮಗಳು, ಆರು ವರ್ಷ. ಅವಳಪ್ಪ ದೂರದ ಮರಳುಗಾಡಿನ ಸೌರ ಫಲಕಗಳ ಹೊಲದಲ್ಲಿ ಕೆಲಸಕ್ಕಿದ್ದರು, ಮನೆಯಲ್ಲಿ ನಾವಿಬ್ಬರೇ. ಇಬ್ಬರಿಗೆ ಐವತ್ತಾರು ಲೀಟರು. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆಯ ನೀರು ನೆಲಕ್ಕೆ, ನೆಲದ ನೀರು ಪಾಯಖಾನೆಗೆ. ತಲೆಗೆ ನೀರು ಹಾಕಿ ಮೂರು ವಾರವಾಗಿತ್ತು. ಎಣ್ಣೆ ಹಚ್ಚಿ ಹೇನುಹಣಿಗೆಯಲ್ಲಿ ಬಾಚುತ್ತಿದ್ದೆ. ನೆತ್ತಿಯಲ್ಲಿ ಸಣ್ಣ ಸಣ್ಣ ಹುಣ್ಣಾಗಿದ್ದವು. ಹಣಿಗೆ ತಾಗಿದಾಗ ಅವಳು ಅಳದೆ ನನ್ನ ಮೊಣಕಾಲು ಹಿಡಿದುಕೊಳ್ಳುತ್ತಿದ್ದಳು.

ನಾನು ಬಾವಿಗೆ ಹೋದರೆ ಅವಳನ್ನು ನೋಡಿಕೊಳ್ಳುವವಳು ಸಾಬಮ್ಮ. ಊರಾಚೆ, ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಬಿಟ್ಟುಹೋದ ಹಳೇ ಖಣಿಯ ತಳದಲ್ಲಿ ಅವಳ ಮನೆ. ಅಲ್ಲಿ ನೂರಾ ನಲವತ್ತು ಮನೆಗಳಿದ್ದವು. ಕಲ್ಲು ಮುಗಿದ ಮೇಲೂ ಹೋಗಲು ಜಾಗವಿಲ್ಲದೆ ಉಳಿದವರು. ಖಣಿಗೆ ಓಣಿಯ ಹೆಸರಿಲ್ಲ, ಮನೆಗೆ ನಂಬರಿಲ್ಲ, ಆದ್ದರಿಂದ ನೀರಿನ ಕಾರ್ಡೂ ಇರಲಿಲ್ಲ. ಊರಿನ ಮನೆಗಳಲ್ಲಿ ಕೆಲಸ ಮಾಡಿ, ದಿನಕ್ಕೊಂದು ಕೊಡ ನೀರನ್ನೇ ಪಗಾರವಾಗಿ ಒಯ್ಯುತ್ತಿದ್ದರು.

ಸಾಬಮ್ಮನದೊಂದು ರೂಢಿಯಿತ್ತು. ನಾನು ಯಾವ ಡಬ್ಬಿಯಲ್ಲಿ ಏನು ಕೊಟ್ಟರೂ ಡಬ್ಬಿಯನ್ನು ಖಾಲಿ ವಾಪಸು ತರುತ್ತಿರಲಿಲ್ಲ. ನಾಲ್ಕು ಶೇಂಗಾ, ಒಂದು ತುಣುಕು ಬೆಲ್ಲ, ಏನೂ ಇಲ್ಲದಿದ್ದರೆ ಎರಡು ಒಣಮೆಣಸಿನಕಾಯಿ ಹಾಕಿಯೇ ತರುತ್ತಿದ್ದಳು. "ಬರೇ ಡಬ್ಬಿ ಕೊಟ್ರ ಮುಂದ ಕೊಡು ಕೊಳ್ಳೂದು ಇರಂಗಿಲ್ಲ ಅಂದಂಗ ಆಗ್ತದ ಅಕ್ಕಾರ," ಎನ್ನುತ್ತಿದ್ದಳು. ರೇವತಿ ಡಬ್ಬಿಗಾಗಿ ಕಾಯುತ್ತಿದ್ದಳು.

ಬಾವಿ ಕುಡಿಯಲು ಶುರುಮಾಡುವ ಎರಡು ದಿನ ಮೊದಲು ಸಾಬಮ್ಮನ ಮಗಳು ಮಲ್ಲಮ್ಮನಿಗೆ ಹೆಣ್ಣು ಕೂಸು ಹುಟ್ಟಿತ್ತು. ಹದಿನೈದು ದಿನ ರಜೆ ಹಾಕಿದ ಸಾಬಮ್ಮ ಫೆಬ್ರುವರಿಯ ಕೊನೆಯ ವಾರ ಕೆಲಸಕ್ಕೆ ಮರಳಿದಳು. ಮುಖ ತೊಳೆದಂತೆ ಹೊಳೆಯುತ್ತಿತ್ತು. ಅದನ್ನು ನಾನು ಅಜ್ಜಿಯಾದ ಖುಷಿ ಎಂದುಕೊಂಡೆ.

*

ರೊಟ್ಟಿಯ ಜೊತೆಗಿನ ಚಟ್ನಿಪುಡಿ, ಅಗಸಿ ಹಿಂಡಿ, ಕುಟ್ಟಲೆಂದು ಒಂದು ದಿನ ಅಗಸಿ ತೊಳೆಯುತ್ತಿದ್ದೆ. ಕಾಳು ಕೈಜಾರಿ ಮೋರಿಯ ಜಾಲರಿಯ ಮೇಲೆ ಬಿತ್ತು. ನೋಡನೋಡುತ್ತ ಲೋಳೆ ಬಿಟ್ಟು ಒಂದಕ್ಕೊಂದು ಅಂಟಿ ಜಾಲರಿಯ ಕಣ್ಣನ್ನೆಲ್ಲ ಮುಚ್ಚಿತು. ಕಟ್ಟಿದ ನೀರನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತೆನೆಂದರೆ ಒಲೆಯ ಮೇಲಿನ ಹಾಲು ಉಕ್ಕಿತು.

ಆವರೆಗೆ ನಾವು ಬಾವಿಗೆ ಏನೆಲ್ಲ ಸುರಿದಿದ್ದೆವು. ಶೇಂಗಾ ಸಿಪ್ಪೆಯ ತರಿ, ಹತ್ತಿಬೀಜದ ಹೊಟ್ಟು, ಕಾಗೆಬಂಗಾರದ ಹಾಳೆ. ಊರವರು ಹಳೆಯ ಕೌದಿಗಳನ್ನು ತಂದುಕೊಟ್ಟಿದ್ದರು, ಅವನ್ನೂ ಕತ್ತರಿಸಿ ಹಾಕಿದ್ದೆವು. ಎಲ್ಲವೂ ಗವಿಯೊಳಗೆ ಹೋಗಿ ಕಳೆದುಹೋಗಿತ್ತು.

ನಾನು ಮಾಡಿದ ಹೊಸ ಕಾಳು ಸಾಸಿವೆಯಷ್ಟಿತ್ತು. ನಿಂತ ನೀರಿನಲ್ಲಿ ಮುದುಡಿಕೊಂಡಿರುತ್ತದೆ. ನೀರು ಎತ್ತ ಹರಿಯುತ್ತದೋ ಅತ್ತ ತಾನೂ ಹೋಗುತ್ತದೆ. ಮೇಲಿನ ಪದರ ಕರಗಿದ ಮೇಲೆ, ಹರಿವು ಎಲ್ಲಿ ಹೆಚ್ಚು ಬಿರುಸೋ ಅಲ್ಲಿ ಬಿಚ್ಚಿಕೊಂಡು ಗೋಡೆಗೆ ಅಂಟಿ ನೂಲು ಬಿಡುತ್ತದೆ. ಹಿಂದೆ ಬರುವ ಕಾಳು ಆ ನೂಲು ಹಿಡಿಯುತ್ತದೆ. ನೀರು ಪೂರ್ತಿ ನಿಲ್ಲುವವರೆಗೂ ಅವು ಒಂದರ ಕೈ ಒಂದು ಹಿಡಿಯುತ್ತಲೇ ಇರುತ್ತವೆ. ಬಿರುಕನ್ನು ತಾನೇ ಅರಸಿ ಹೋಗುವುದರಿಂದ ಅದಕ್ಕೆ ಅರಸುಕಾಳು ಎಂದು ಹೆಸರಿಟ್ಟೆ. ಮೊದಲ ಕಾಳಿನ ನೂಲು ಹುಣಸೆನೀರಿಗೆ ಕರಗುತ್ತಿತ್ತು. ಅಗಸಿ ಲೋಳೆ ಹತ್ತಿದ ಪಾತ್ರೆಯನ್ನು ಹುಣಸೆಹಣ್ಣಿನಿಂದ ತಿಕ್ಕುತ್ತೇವಲ್ಲ, ಹಾಗೆ. ಮುಚ್ಚಿದ್ದನ್ನು ಯಾವಾಗಲಾದರೂ ಬಿಡಿಸಬೇಕಾದರೆ ಇರಲಿ ಎಂದು ಹಾಗೆ ಮಾಡಿದ್ದೆ.

ಗಾಜಿನ ಕೊಳವೆಯಲ್ಲಿ ಕಾಳು ಗೆದ್ದಿತು. ಬಾವಿಯಲ್ಲಿ ಸೋತಿತು. ನಲವತ್ತು ನಿಮಿಷಕ್ಕೆ ಬಿಚ್ಚುವಂತೆ ಪದರ ಕೊಟ್ಟಿದ್ದೆ. ಅಷ್ಟರಲ್ಲಿ ಅವು ಯಾವುದೋ ದೊಡ್ಡ ಗವಿಯ ನಡುವೆ ಇದ್ದಿರಬೇಕು. ಅಲ್ಲಿ ಹಿಡಿಯಲು ಗೋಡೆಯೇ ಇಲ್ಲ.

"ಗವಿಗೆ ಒಂದು ಕೊರಳು ಇರ್ತದ ಮೇಡಂ," ಎಂದರು ಚಾಚಾ. "ನೀರು ಎಲ್ಲಿ ಹೊರಗ ಬೀಳ್ತದೋ ಅಲ್ಲಿ ಸಣ್ಣದಾಗ್ತದ. ಅಲ್ಲಿಗಿ ಮುಟ್ಟೂತನಕ ನಿಮ್ಮ ಕಾಳಿಗಿ ನಿದ್ದಿ ಬರಸ್ರಿ."

"ಎಲ್ಲಿ ಹೊರಗೆ ಬೀಳ್ತದೆ, ಎಷ್ಟು ಹೊತ್ತಿಗೆ ಮುಟ್ತದೆ ಅಂತ ಗೊತ್ತಾಗಬೇಕಲ್ಲ ಚಾಚಾ?"

"ಅದು ಗೊತ್ತಾದ್ರ ಬಾವಿ ನಿಮ್ದೇ," ಎಂದು ಅವರು ನಕ್ಕರು.

*

ಮಾರ್ಚ್ ನಾಲ್ಕು ರೇವತಿಯ ಹುಟ್ಟುಹಬ್ಬ. ಆ ದಿನವೂ ನನಗೆ ರಜೆ ಸಿಗಲಿಲ್ಲ. ಸಂಜೆ ಐದಕ್ಕೆ ಬಂದಾಗ ಮಗಳು ಹೊಸ್ತಿಲಲ್ಲಿ ಕೂತಿದ್ದಳು. ಕೂದಲು ಬಿಚ್ಚಿ ಬೆನ್ನ ಮೇಲೆ ಹರಡಿತ್ತು. ಸೀಗೆಕಾಯಿಯ ವಾಸನೆ ಬಾಗಿಲಿಗೇ ಬಂತು.

"ಅಮ್ಮಾ, ಸಾಬಮ್ಮ ನನಗ ಎರದಳು. ಹಂಡೆ ತುಂಬ. ಕಣ್ಣಾಗ ನೀರು ಹೋದ್ರೂ ಮತ್ತ ಹಾಕಿದಳು."

ಸಾಬಮ್ಮ ಒಳಗಿನಿಂದ ಬಂದು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು. "ಬೈಬ್ಯಾಡ್ರಿ ಅಕ್ಕಾರ. ಬಾಣಂತಿಗಿ ಎರೀಲಿಕ್ಕ ಕಾಯ್ಸಿದ್ದ ನೀರು. ಹುಟ್ಟಿದ ದಿನ ಕೂಸು ತೆಲಿ ಕೆರಕೋತ ಕುಂತ್ರ ನನಗ ಚಂದ ಕಾಣಲಿಲ್ಲ. ನಮ್ಮ ಮನಿಗಿ ಕರಕೊಂಡು ಹೋಗಿ ಎರಕೊಂಡು ಬಂದೆ."

ನಾನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೂದಲಲ್ಲಿ ಬೆರಳಾಡಿಸಿದೆ. ಕೂದಲು ಜಾರುತ್ತಿತ್ತು. ಎಣ್ಣೆಯ ಜಾರಲ್ಲ, ಸೀಗೆಯದೂ ಅಲ್ಲ. ಒದ್ದೆಯಿರುವ ಬುಡದಲ್ಲಿ ಬೆರಳು ಉಜ್ಜಿದರೆ ಸಣ್ಣಗೆ ಎಳೆ ಬರುತ್ತಿತ್ತು. ಆ ಎಳೆಯನ್ನು ನಾನು ದಿನಕ್ಕೆ ಇಪ್ಪತ್ತು ಸಲ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡುತ್ತಿದ್ದೆ. ಚವಳಿಕಾಯಿ ಬೀಜದ ಅಂಟು. ಜೇಡಿಯನ್ನು ಕಲ್ಲು ಸೋಸಿಕೊಂಡಿತ್ತು, ಅಂಟನ್ನು ಬಿಟ್ಟುಕೊಟ್ಟಿತ್ತು.

ನನ್ನ ಕೆಸರು ನನ್ನ ಮಗಳ ತಲೆಯಲ್ಲಿತ್ತು.

ಚಹಾ ಮಾಡಿದೆ. ಸಾಬಮ್ಮನಿಗೆ ಕೊಟ್ಟು ಎದುರಿಗೆ ಕೂತೆ. ಮೆಲ್ಲಗೆ ಕೇಳಿದೆ, "ಖಣಿಯೊಳಗೆ ನೀರು ಬಂದಿದೆಯೇನು?"

ಅವಳು ಬಟ್ಟಲು ಕೆಳಗಿಟ್ಟು ಬಾಗಿಲ ಕಡೆ ನೋಡಿದಳು. "ಯಾರಿಗೂ ಹೇಳಬ್ಯಾಡ್ರಿ. ಗ್ವಾಡಿಯಾಗ ಒಂದು ಸೀಳು ಇತ್ತು. ಅದರಾಗಿಂದ ತೋಳಿನಷ್ಟು ದಪ್ಪ ಬೀಳ್ತದ. ತೆಳಗ ಹೊಂಡ ಆಗ್ಯಾದ, ತುಂಬಿದ್ದು ತಳದ ಸೀಳಿನ್ಯಾಗ ಇಂಗಿ ಹೋಗ್ತದ."

"ಯಾವಾಗಿನಿಂದ?"

ಈ ಮಾತನ್ನು ನಾನು ಕೇಳಬಾರದಿತ್ತು. ಆದರೆ ಕೇಳಿದೆ. ಕೇಳುವಾಗ ಅವಳ ಮೊಮ್ಮಗಳ ವಿಷಯ ಮಾತಾಡುತ್ತಿದ್ದೇವೆಂಬ ದನಿಯಲ್ಲೇ ಕೇಳಿದೆ.

ಅವಳ ಮುಖ ಅರಳಿತು. "ಐದನೇ ದಿನ ಸೆಟಿಗೆವ್ವನ ಪೂಜಿ ಇತ್ತಲ್ರಿ, ಕೂಸಿನ ಹಣೀ ಬರೀಲಿಕ್ಕ ಅಕಿ ಬರೂ ದಿನ. ಬೇಸ್ತವಾರ. ಪೂಜಿಗೂ ನೀರಿಲ್ಲ, ಬಾಣಂತಿಗೂ ಇಲ್ಲ ಅಂತ ನಸುಕಿನ್ಯಾಗ ಎದ್ದು ಅಳಕೋತ ಕುಂತಿದ್ದೆ. ಮೊದಲನೇ ಕೋಳಿ ಕೂಗಿತ್ತು, ಗಿರಣಿ ಭೋಂಗಾ ಐದಕ್ಕ ಹೊಡೀತದಲ್ಲ, ಆಗಷ್ಟೇ ಹೊಡೀತು. ಗ್ವಾಡಿಯಾಗಿಂದ ಸೊಂಯ್ ಅಂತು. ಅಕಿ ಕೂಸಿನ ಹಣ್ಯಾಗ ಮೊದಲು ನೀರೇ ಬರದಾಳ ನೋಡ್ರಿ. ಕೂಸಿಗಿ ಬುಗ್ಗವ್ವ ಅಂತ ಕರೀಲತ್ತೀವಿ."

ಮಂಗಳವಾರ ಸಂಜೆ ನಾಲ್ಕರಿಂದ ಗುರುವಾರ ನಸುಕಿನ ಐದು. ಮೂವತ್ತೇಳು ತಾಸು. ಅವಳು ಚಹಾ ಮುಗಿಸುವುದರೊಳಗೆ ನನ್ನ ತಲೆ ಈ ಕೂಡುವಿಕೆ ಮಾಡಿಬಿಟ್ಟಿತ್ತು. ಬೇಡವೆಂದರೂ ಮಾಡಿತ್ತು.

*

ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನದಲ್ಲಿ ಬಾವಿ ಹದಿನಾಲ್ಕು ಲಕ್ಷ ಲೀಟರು ಕುಡಿಯಿತು. ಪಕ್ಕದ ಓಣಿಯಲ್ಲಿ ನಲ್ಲಿಯ ಮುಂದೆ ಇಬ್ಬರು ಹೆಂಗಸರು ಕೂದಲು ಹಿಡಿದು ಜಗಳಾಡಿದರು. ರೇವತಿಯ ಶಾಲೆಯಲ್ಲಿ ಮಕ್ಕಳಿಗೆ ನೀರಿನ ಬಾಟಲಿ ತರಬೇಡಿ ಎಂದರು, ಕದಿಯುತ್ತಿದ್ದಾರಂತೆ. ಏಪ್ರಿಲ್ ಮುಂದಿತ್ತು.

ಮೂರನೆಯ ದಿನ ಯೋಜನೆಯ ಮುಖ್ಯಸ್ಥ ವಿಶ್ವಾರಾಧ್ಯರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಹೇಳಿದರೆ ಖಣಿಯವರಿಗೂ ಏನಾದರೂ ಸಿಗುತ್ತದೆ ಎಂದೇ ನಂಬಿದ್ದೆ. ನೀರು ಕಳೆದುಹೋಗುತ್ತಿಲ್ಲ, ನೂರಾ ನಲವತ್ತು ಮನೆಗೆ ಹೋಗುತ್ತಿದೆ ಎಂದು ಗೊತ್ತಾದ ಮೇಲೆ ಅದನ್ನು ನಷ್ಟ ಎಂದು ಯಾರು ಕರೆಯುತ್ತಾರೆ?

ಅವರು ಕೆಟ್ಟ ಮನುಷ್ಯರಲ್ಲ. ಎದ್ದು ಬಂದು ನನಗೆ ಕುರ್ಚಿ ಎಳೆದು ಕೊಟ್ಟರು.

"ಅನಸೂಯಾ ಮೇಡಂ, ಮೂವತ್ತೇಳು ತಾಸು ಅಂದ್ರ ಖಾತ್ರಿನಾ?"

"ಖಾತ್ರಿ ಸರ್. ಆದರೆ ಮುಚ್ಚುವ ಮೊದಲು ಖಣಿಗೆ ಒಂದು ನಲ್ಲಿ ಎಳೆಯಬೇಕು. ಕಾರ್ಡು ಕೊಡಬೇಕು."

"ಕಾರ್ಡಿಗಿ ವಿಳಾಸ ಬೇಕು. ಖಣಿಗಿ ವಿಳಾಸ ಎಲ್ಲದ?"

"ಹೊಂಡದ ನೀರನ್ನ ಪಂಪು ಮಾಡಿ ವಾಪಸು ತಂದರೆ?"

"ನೀರು ತರ್ತೀರಿ. ಮ್ಯಾಲೆ ಬರದೇ ಇರೋ ಕಲ್ಲಿನ ಪುಡಿ ಹೆಂಗ ತರ್ತೀರಿ? ಬಿಟ್ ಸಿಕ್ಕೊಂಡ್ರ ಬಾವಿನೇ ಹೋಯ್ತು. ನಿಮಗ ನಾ ಕಲಿಸಬೇಕೇನು?" ಅವರು ಕನ್ನಡಕ ತೆಗೆದು ಒರೆಸಿದರು. "ಬಾವಿ ಮುಗೀಲಿ. ಮೊದಲನೇ ನಲ್ಲಿ ಖಣಿಗೇ ಹಾಕ್ಸೋಣ. ನನ್ನ ಮಾತು."

ಮಾತನ್ನು ಬರೆದುಕೊಡಿ ಎಂದು ಕೇಳಲು ನನಗೆ ಸಂಕೋಚವಾಯಿತು.

ಬಾಗಿಲಿಗೆ ಬಂದಾಗ ಅವರು ಮತ್ತೆ ಕರೆದರು. "ಆ ಹುಣಸಿಹಣ್ಣಿನ ವ್ಯವಸ್ಥಾ ಅದಲ್ಲ, ತಗದುಬಿಡ್ರಿ. ನಾಳೆ ಅವರೇ ಬಿಡಿಸಿಗೊಂಡ್ರ ಏನ್ ಮಾಡ್ತೀರಿ? ಒಮ್ಮೆ ಮುಚ್ಚಿದ್ದು ಮುಚ್ಚಿರಬೇಕು."

ತೆಗೆದೆ. ಮೂವತ್ತೇಳು ತಾಸಿನ ಒತ್ತಡ ತಡೆಯಲು ಗಟ್ಟಿ ನೂಲೇ ಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಆಗಿರಲಿಲ್ಲ.

*

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ಮೂವತ್ತೇಳು ತಾಸಿಗೆ ಬಿಚ್ಚುವಂತೆ ಪದರ ಕೊಟ್ಟ ನಾಲ್ಕು ಟನ್ ಅರಸುಕಾಳು ಬಾವಿಗೆ ಇಳಿಯಿತು. ಬುಧವಾರ ಇಡೀ ದಿನ ಗೆರೆ ಜಾರುತ್ತಲೇ ಇತ್ತು. ಗುರುವಾರ ಬೆಳಿಗ್ಗೆ ನಾನು ರೇವತಿಗೆ ಜಡೆ ಹಾಕಿ, ರೊಟ್ಟಿ ಬಡಿದಿಟ್ಟು, ನಿಯಂತ್ರಣ ಕೋಣೆಗೆ ಹೋದಾಗ ಎಲ್ಲರೂ ಪರದೆಯ ಮುಂದೆ ನಿಂತಿದ್ದರು. ತೊಟ್ಟಿಯ ಮಟ್ಟ ಏರಿತ್ತು. ಗೆರೆ ನೆಟ್ಟಗೆ ಮಲಗಿತ್ತು. ಸೋಸುವ ಜಾಲರಿಯ ಮೇಲೆ ಒಂದು ತಿಂಗಳ ಕಲ್ಲಿನ ಪುಡಿ ಬೂದು ಹಿಟ್ಟಿನಂತೆ ಬಂದು ಬೀಳುತ್ತಿತ್ತು.

ವಿಶ್ವಾರಾಧ್ಯರು ಎಲ್ಲರಿಗೂ ಪೇಡೆ ಹಂಚಿದರು. ಮೈನುದ್ದೀನ್ ಚಾಚಾ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದರು.

"ಬಾವಿ ಕುಡಿಯೂದು ಬಿಟ್ಟದ," ಎಂದರು. ಆಮೇಲೆ ದನಿ ತಗ್ಗಿಸಿ, "ಎಲ್ಲಿ ಬೀಳ್ತಿತ್ತು ಮೇಡಂ ಅದು?"

ನಾನು ಹೇಳಿದೆ. ಅವರು ಪೇಡೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ತಿನ್ನಲಿಲ್ಲ.

ಮರುದಿನವೇ ನಲ್ಲಿ ನಲವತ್ತಕ್ಕೆ ಏರಿತು. ಓಣಿಯಲ್ಲಿ ಹೆಂಗಸರು ಅಂಗಳಕ್ಕೆ ನೀರು ಚಿಮುಕಿಸಿ ರಂಗೋಲಿ ಹಾಕಿದರು. ಸಾಬಮ್ಮ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

*

ಭಾನುವಾರ, ನಮ್ಮಿಬ್ಬರ ಹೆಚ್ಚಿನ ಇಪ್ಪತ್ತನಾಲ್ಕು ಲೀಟರನ್ನು ದೊಡ್ಡ ಕ್ಯಾನಿಗೆ ತುಂಬಿ, ಸ್ಕೂಟರಿಗೆ ಕಟ್ಟಿ ಖಣಿಗೆ ಹೋದೆ.

ಕಲ್ಲಿನ ಮೆಟ್ಟಿಲಿಳಿದರೆ ತಳ. ಹೊಂಡದಲ್ಲಿ ಬೂದು ಕೆಸರು ಬಿರಿಯತೊಡಗಿತ್ತು. ಗೋಡೆಯ ಸೀಳಿನ ಮುಂದೆ ಏಳೆಂಟು ಹೆಂಗಸರು. ಸೀಳಿನ ತುಂಬ ನನ್ನ ಕಾಳು, ಆರಿದ ಗಾಯದ ಮೇಲಿನ ಹಕ್ಕಳೆಯಂತೆ ಕಂದಾಗಿ ಬಿಗಿದುಕೊಂಡಿತ್ತು. ಒಬ್ಬಳು ಕಲ್ಲಿನ ಉಳಿಯಿಂದ ಕೆತ್ತುತ್ತಿದ್ದಳು. ಮೇಲಿನದು ಪುಡಿಯಾಗಿ ಉದುರುತ್ತಿತ್ತು, ಒಳಗಿನಿಂದ ಒಂದಿಷ್ಟು ಹನಿ ಜಿನುಗುತ್ತಿತ್ತು. ಹನಿ ಜಿನುಗಿದ ಕೂಡಲೇ ಹಿಂದಿನ ಕಾಳು ಎಚ್ಚೆತ್ತು ಬಂದು ಆ ಜಾಗ ಹಿಡಿಯುತ್ತಿತ್ತು. ನಾನು ಬಯಸಿದ್ದು ಅದನ್ನೇ.

ಕೆಳಗೆ ಒಂದು ಪಾತ್ರೆಯಲ್ಲಿ ಹುಣಸೆಹಣ್ಣಿನ ಗಸಿ ಇತ್ತು. ಸೀಳಿಗೆ ಬಳಿದಿದ್ದರು. ನನ್ನ ಅಡುಗೆಮನೆಯಲ್ಲಿ ನಾನೇ ಎಂದೋ ಆಡಿದ ಮಾತನ್ನು ಸಾಬಮ್ಮ ನೆನಪಿಟ್ಟುಕೊಂಡಿದ್ದಳು.

ಅವಳು ನನ್ನನ್ನು ನೋಡಿ ಎದ್ದು ಬಂದಳು. ಕೂದಲು ಒಣಗಿ ಕೆದರಿತ್ತು.

"ಇದು ಎದರಿಂದ ಬಿಡ್ತದ ಅಕ್ಕಾರ?"

"ಬಿಡೋದಿಲ್ಲ ಸಾಬಮ್ಮ."

"ಹುಣಸಿಹಣ್ಣಿಗಿ ಬಿಡ್ತದ ಅಂದಿದ್ರಿ."

"ಅದು ಮೊದಲಿನದು. ಇದು ಬಿಡೋದಿಲ್ಲ."

ಉಳಿಯ ಸಪ್ಪಳ ನಿಂತಿತು. ಎಲ್ಲ ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದೆ, ಬಾವಿ ಮುಗಿದ ಮೇಲೆ ಮೊದಲ ನಲ್ಲಿ ಇಲ್ಲಿಗೇ ಹಾಕಿಸುತ್ತಾರೆ, ಮಾತು ಕೊಟ್ಟಿದ್ದಾರೆ, ಎಂಟು ತಿಂಗಳು ಅಷ್ಟೇ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ವಿಶ್ವಾರಾಧ್ಯರ ದನಿಯಂತೆ ಕೇಳಿಸಿತು.

"ನಮ್ಮ ಬಾವಿಯ ನೀರು ಅಂತ ನಿನಗೆ ಗೊತ್ತಿರಲಿಲ್ಲ," ಎಂದೆ ಕೊನೆಗೆ. ಅದು ನನ್ನ ಸಮಾಧಾನಕ್ಕೆ ಆಡಿದ ಮಾತು.

"ಗೊತ್ತಿತ್ತು." ಅವಳು ಮೆಲ್ಲಗೆ ಹೇಳಿದಳು. "ಎರಡು ವರ್ಷ ನಿಮ್ಮ ಸೀರಿ ಒಗದೀನಿ. ಆ ಜಾರು ನನ್ನ ಕೈಗಿ ಗೊತ್ತಿಲ್ಲೇನು? ಬಂದ ದಿನಾನೇ ತಿಳೀತು. ಇವರೆಲ್ಲ ದೇವಿ ಕೊಟ್ಟಾಳ ಅಂದ್ರು, ನಾ ಸುಮ್ಮನಿದ್ದೆ."

"ಮತ್ತೆ ರೇವೂನ್ನ ಯಾಕೆ ಕರಕೊಂಡು ಬಂದೆ?"

"ಅದಕ್ಕಂತನೇ. ಇವತ್ತಲ್ಲ ನಾಳೆ ನಿಮಗ ತಿಳೀತದ. ತಿಳದ ದಿನ, ನನ್ನ ಮಗಳ ತೆಲಿಗಿ ಬಿದ್ದ ನೀರು ಇದು ಅಂತ ನಿಮಗ ಅನಸಲಿ ಅಂತ. ತಾಯಿ ಇದ್ದೀರಿ, ಬಂದ್ ಮಾಡಂಗಿಲ್ಲ ಅನ್ಕೊಂಡೆ."

ಅವಳ ಮನೆಯೊಳಗಿನಿಂದ ಕೂಸಿನ ಅಳು ಕೇಳಿಸಿತು. ಸಾಬಮ್ಮ ಅತ್ತ ತಿರುಗಿದಳು, ಮತ್ತೆ ಕ್ಯಾನಿನ ಕಡೆ ನೋಡಿದಳು. "ಬಾಣಂತಿದು ನಲವತ್ತು ದಿನ ಮುಗೀಲಿಕ್ಕ ಇನ್ನ ಐದು ದಿನ ಅದ," ಎಂದು ಯಾರಿಗೋ ಹೇಳುವಂತೆ ಹೇಳಿದಳು. ಬೇಡ ಎನ್ನುತ್ತಾಳೆಂದು ನಾನು ಅಂಜಿದ್ದೆ. ಅನ್ನಲಿಲ್ಲ. ಎರಡೂ ಕೈಯಲ್ಲಿ ಕ್ಯಾನು ಎತ್ತಿಕೊಂಡು ಒಳಗೆ ಹೋದಳು. ನಾನು ಒಂದಿಷ್ಟು ಹೊತ್ತು ಬಿಸಿಲಲ್ಲಿ ನಿಂತಿದ್ದೆ. ಯಾರೂ ಕೂತುಕೊಳ್ಳಿ ಎನ್ನಲಿಲ್ಲ. ಉಳಿಯ ಸಪ್ಪಳ ಮತ್ತೆ ಶುರುವಾಯಿತು.

*

ಆ ವಾರದ ಕೊನೆಗೆ ಖಣಿಯವರು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದಾರೆಂದು ಓಣಿಯಲ್ಲಿ ಮಾತು ಬಂತು. ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ವಿಳಾಸವಿದ್ದರೆ ತಾನೇ ವಿಳಾಸ ಬದಲಾಗುವುದು. ನಮ್ಮ ಬಾವಿ ಒಂಬೈನೂರು ಮೀಟರ್ ದಾಟಿತ್ತು.

ಶನಿವಾರ ಬೆಳಿಗ್ಗೆ ನಲ್ಲಿ ಬಿಟ್ಟಿತ್ತು. ನಾನು ಮಗಳ ತಲೆಗೆ ನೀರು ಕಾಯಿಸುತ್ತಿದ್ದೆ. ಹೊರಗಿನಿಂದ ರೇವತಿ ಕೂಗಿದಳು.

"ಅಮ್ಮಾ, ಸಾಬಮ್ಮ ಕ್ಯಾನು ಇಟ್ಟು ಹೋಗ್ಯಾಳ."

ಬಾಗಿಲಿಗೆ ಬಂದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಕ್ಯಾನು ಇತ್ತು. ಬೂದಿ ಹಾಕಿ ತಿಕ್ಕಿ ಒರೆಸಿದ್ದಳು, ಎಲ್ಲೂ ಒಂದು ಕಲೆಯಿರಲಿಲ್ಲ. ರೇವತಿ ಆಗಲೇ ಮುಚ್ಚಳ ತೆಗೆದು ಒಳಗೆ ಕೈ ಹಾಕಿದ್ದಳು. ಭುಜದವರೆಗೆ ಹಾಕಿ ತಳವನ್ನೆಲ್ಲ ತಡಕಿದಳು. ತೃಪ್ತಿಯಾಗದೆ ಕ್ಯಾನನ್ನು ಬೋರಲು ಹಾಕಿ ಅಲುಗಾಡಿಸಿದಳು.

"ಇದರಾಗ ಏನೂ ಇಲ್ಲ ಅಮ್ಮಾ," ಎಂದಳು. "ಮರೆತಾಳೇನು?"

ಅವಳ ನೆತ್ತಿಯ ಹುಣ್ಣುಗಳು ಮಾಯ್ದಿದ್ದವು. ಒಳಗೆ ನೀರು ಕುದಿಯುತ್ತಿತ್ತು.

"ಇಲ್ಲ," ಎಂದೆ. "ಸಾಬಮ್ಮ ಏನೂ ಮರೆಯೋದಿಲ್ಲ."